ಜನಿವಾರ ಬೇಡವೆಂದ ಹುಡುಗ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕಳಿಸು ಎಂದು ಶಾಲೆಯಿಂದ ಫೋನ್ ಬಂದಾಗ ನಾನು ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಹೊರಗೆ ಬರುತ್ತಿದ್ದೆ. ಕಂಪ್ಯೂಟರಿನ ಬಗ್ಗೆ ಬರೆದರೆ ಮಕ್ಕಳಿಗೆ ಉಪಯೋಗವಾಗುತ್ತದೆ ಎಂದು ಗುರುಗಳು ಹೇಳಿದರು. ಆಯಿತು ಸರ್ ಎಂದುಬಿಟ್ಟೆ. ಆದರೆ ಬರೆಯಲು ಕೂತಾಗ ಕಂಪ್ಯೂಟರ್ ನೆನಪಿಗೆ ಬರಲಿಲ್ಲ. ನಮ್ಮ ಶಾಲೆಗೆ ಆಗ ಕಂಪ್ಯೂಟರ್ ಬಂದಿರಲೂ ಇಲ್ಲ. ನೆನಪಿಗೆ ಬಂದದ್ದು ಎಂಟನೆಯ ತರಗತಿಯ ಗ್ಯಾದರಿಂಗ್. ಅಂದು ನಾನು ಬಾಲಬಸವನ ಪಾತ್ರ ಮಾಡಿದ್ದೆ. ಹಾಗಾಗಿ ಕಂಪ್ಯೂಟರಿನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಕಿರಿಯರು ಯಾರಾದರೂ ಬರೆಯಲಿ. ನಾನು ಬಸವಣ್ಣನವರ ಜೀವನವನ್ನು, ಅದರಲ್ಲೂ ಅವರು ಇನ್ನೂ ಹುಡುಗನಾಗಿದ್ದ ಭಾಗವನ್ನು ನನಗೆ ತಿಳಿದಂತೆ ಬರೆಯುತ್ತೇನೆ. ವಚನಗಳನ್ನು ಇಲ್ಲಿ ಹಾಕಿಲ್ಲ. ಅವು ನಿಮಗೆಲ್ಲ ಬಾಯಿಪಾಠವಾಗಿವೆ.

ಮೊದಲು ಆ ನಾಟಕದ ಸಂಗತಿ. ನಮಗೆ ಕನ್ನಡ ಕಲಿಸುತ್ತಿದ್ದ ಗುರುಗಳು ಸಿಂದಗಿ ಕಡೆಯವರು. ರಜೆಗೆ ಊರಿಗೆ ಹೋಗಿ ಬರುವಾಗ ಚೀಲದ ತುಂಬ ಮಕ್ಕಳ ಪುಸ್ತಕ ತರುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗಾಗಿ ಬರೆಯುವವರಿಗೆ ಎಂದೂ ಕೊರತೆಯಿರಲಿಲ್ಲ. ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ. ಮ. ಪೂಜಾರ ಇವರ ಹೆಸರುಗಳನ್ನು ನಾನು ಮೊದಲು ಕಂಡದ್ದು ಆ ಚೀಲದ ಪುಸ್ತಕಗಳ ಮೇಲೆಯೇ. ನಾಟಕವನ್ನು ಮಾತ್ರ ಗುರುಗಳು ತಾವೇ ಬರೆದಿದ್ದರು. ಎಂಟು ವರ್ಷದ ಬಸವ ತನ್ನ ಮುಂಜಿಯ ದಿನ ತಂದೆ ಮಾದರಸನ ಎದುರು ನಿಂತು, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆ ಎಂದು ಕೇಳಬೇಕು. ಉತ್ತರ ಸಿಗದಿದ್ದಾಗ ಕೊರಳಿಗೆ ಹಾಕಿದ ಜನಿವಾರವನ್ನು ಹರಿದು ಒಗೆಯಬೇಕು. ಆಗ ಪರದೆ ಬೀಳುತ್ತದೆ.

ಜನಿವಾರ ಮಾಡಿಕೊಟ್ಟವಳು ನಮ್ಮ ಅಕ್ಕ. ಆಕೆ ಹತ್ತನೆಯ ತರಗತಿಯಲ್ಲಿದ್ದಳು. ನನ್ನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಸಿದವಳೂ ಆಕೆಯೇ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ತಾನೇ ಮಾದರಸನಾಗಿ ಗದರಿಸುತ್ತಿದ್ದಳು, ನಾನು ಬಸವನಾಗಿ ಉತ್ತರ ಕೊಡುತ್ತಿದ್ದೆ. ಗ್ಯಾದರಿಂಗ್ ದಿನ ಊರಿಗೆ ಊರೇ ಬಂದಿತ್ತು. ಮಾತೆಲ್ಲ ಸರಿಯಾಗಿಯೇ ಹೇಳಿದೆ. ಆದರೆ ಕೊನೆಗೆ ಜನಿವಾರ ಹಿಡಿದು ಜಗ್ಗಿದರೆ ಅದು ಹರಿಯಲೇ ಇಲ್ಲ. ಮತ್ತೆ ಜಗ್ಗಿದೆ. ಕೊರಳು ಕೆಂಪಾಯಿತೇ ಹೊರತು ದಾರ ಜಪ್ಪಯ್ಯ ಅನ್ನಲಿಲ್ಲ. ಮಾದರಸನಾಗಿದ್ದ ಹುಡುಗ ನಗೆ ತಡೆಯಲಾರದೆ ಬೆನ್ನು ತಿರುಗಿಸಿ ನಿಂತ. ಕೊನೆಗೆ ಅಂಗಿ ಕಳೆದ ಹಾಗೆ ತಲೆಯ ಮೇಲಿಂದ ತೆಗೆದು ಒಗೆದೆ. ಆದರೂ ಜನ ಚಪ್ಪಾಳೆ ತಟ್ಟಿದರು. ನಮ್ಮ ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಇನ್ನು ನಿಜವಾದ ಬಸವನ ಕಡೆಗೆ ಬರೋಣ. ಅವರು ಹುಟ್ಟಿದ್ದು 12ನೆಯ ಶತಮಾನದ ಮೊದಲ ಭಾಗದಲ್ಲಿ. ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಹೆಚ್ಚಿನವರು 1131 ಎನ್ನುತ್ತಾರೆ, ಅದಕ್ಕೂ ಹಿಂದಕ್ಕೆ ಒಯ್ಯುವವರೂ ಇದ್ದಾರೆ. ಊರು ನಮ್ಮ ಬಾಗೇವಾಡಿಯೇ. ತಾಯಿಯ ತವರಾದ ಇಂಗಳೇಶ್ವರದಲ್ಲಿ ಹುಟ್ಟಿದರು ಎನ್ನುವವರೂ ಉಂಟು. ಅದೂ ಬಾಗೇವಾಡಿಯ ಮಗ್ಗುಲಿಗೇ ಇರುವುದರಿಂದ ನಾವು ಜಗಳವಾಡಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಒಂದು ಶಾಸನವಿದೆ. ಬಸವಣ್ಣನವರು ತೀರಿಕೊಂಡು ಒಂದು ನೂರು ವರ್ಷವೂ ಆಗದ ಹೊತ್ತಿನದು. ಅದರಲ್ಲಿ ಅವರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೇಳಿದೆ, ಆ ಊರು ತರ್ದವಾಡಿ ನಾಡಿನ ನಡುವೆ ಇತ್ತೆಂದೂ ಹೇಳಿದೆ. ತರ್ದವಾಡಿ ಎಂದರೆ ಹಳೆಯ ಇಂಡಿ ತಾಲ್ಲೂಕಿನ, ಭೀಮಾ ದಂಡೆಯ ಇಂದಿನ ತದ್ದೇವಾಡಿ. ನಾವು ಬಸ್ಸಿನ ಕಿಟಕಿಯಿಂದ ದಿನವೂ ನೋಡುವ ಕರಿ ಎರೆಯ ಜೋಳದ ಹೊಲಗಳ ಈ ಸೀಮೆಯೇ ಆ ನಾಡು. ಪುಸ್ತಕದಲ್ಲಿ ಓದುವಾಗ ಕಲ್ಯಾಣ, ಅನುಭವ ಮಂಟಪ ಎಲ್ಲ ದೂರದವು ಎನಿಸುತ್ತವೆ. ಹುಡುಗ ಬಸವ ಮಾತ್ರ ನಮ್ಮವನೇ.

ಬಾಗೇವಾಡಿ ಆಗ ಅಗ್ರಹಾರ. ಮಾದರಸ ಅಲ್ಲಿಯ ಮುಖ್ಯಸ್ಥ. ತಾಯಿ ಮಾದಲಾಂಬಿಕೆ. ಮನೆಯಲ್ಲಿ ಅಕ್ಕ ನಾಗಮ್ಮ, ಮುಂದೆ ಎಲ್ಲರೂ ಅಕ್ಕನಾಗಮ್ಮ ಎಂದು ಕರೆದವಳು. ಅಂಥ ಮನೆಯಲ್ಲಿ ಗಂಡು ಹುಡುಗನಿಗೆ ಎಂಟನೆಯ ವರ್ಷಕ್ಕೆ ಮುಂಜಿ ಎಂದರೆ ಬರೀ ಒಂದು ದಾರದ ಸಂಗತಿಯಲ್ಲ. ಆ ದಾರ ಬಿದ್ದ ಮೇಲೆ ವೇದ ಕಲಿಯಬಹುದು, ಯಜ್ಞದಲ್ಲಿ ಕೂಡಬಹುದು, ನಾಳೆ ತಂದೆಯ ಸ್ಥಾನಕ್ಕೆ ಬರಬಹುದು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಶಾಲೆಯ ದಾಖಲಾತಿ, ಕೆಲಸದ ಆರ್ಡರ್, ಆಸ್ತಿಯ ಉತಾರ ಮೂರೂ ಒಟ್ಟಿಗೆ ಸೇರಿದ ಹಾಗೆ. ಬೇಡ ಎಂದರೆ ಅಷ್ಟೂ ಬೇಡ ಎಂದ ಹಾಗೆ. ಮಕ್ಕಳ ಪುಸ್ತಕಗಳಲ್ಲಿ ಇದನ್ನು ಬಿಡಿಸಿ ಹೇಳುವುದೇ ಇಲ್ಲ. ಹೇಳದಿದ್ದರೆ ಹುಡುಗ ಏನು ಕಳಕೊಂಡ ಎಂಬುದು ಓದುವ ಮಗುವಿಗೆ ಹೇಗೆ ತಿಳಿಯಬೇಕು?

ನಾನು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಸಂಬಳದ ಮೊದಲ ವರ್ಷಗಳಲ್ಲಿ, ಬಸವಣ್ಣನವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆಗ ಒಂದು ಸಂಗತಿ ಗೊತ್ತಾಗಿ ದಂಗಾದೆ. ಅವರ ಕಥೆಯನ್ನು ಮೊದಲು ಬರೆದ ಕವಿಗಳಲ್ಲಿ ಒಬ್ಬನಾದ ಹರಿಹರ, ಸುಮಾರು 1200ರ ಹೊತ್ತಿನವನು, ಎಂಟು ವರ್ಷದ ಹುಡುಗ ಮುಂಜಿ ನಿರಾಕರಿಸಿದ ಎಂದು ಹೇಳುವುದೇ ಇಲ್ಲ. ಅವನ ರಗಳೆಯಲ್ಲಿ ಬಸವನಿಗೆ ಮುಂಜಿಯಾಗುತ್ತದೆ. ಚಿಕ್ಕವನಿದ್ದಾಗಲೇ ತಂದೆತಾಯಿ ತೀರಿಹೋಗಿ ಮುತ್ತಜ್ಜಿ ಸಾಕುತ್ತಾಳೆ. ಹದಿನಾರನೆಯ ವಯಸ್ಸಿಗೆ, ಕರ್ಮವೂ ಭಕ್ತಿಯೂ ಒಟ್ಟಿಗೆ ಹೋಗಲಾರವು ಎಂದು ತನಗೆ ತಾನೇ ಖಚಿತ ಮಾಡಿಕೊಂಡು, ಜನಿವಾರ ಹರಿದು ಒಗೆದು ಮನೆ ಬಿಟ್ಟು ಸಂಗಮಕ್ಕೆ ಹೋಗುತ್ತಾನೆ. ಮುಂಜಿಯ ಹೊತ್ತಿಗೇ ತಂದೆಯೊಡನೆ ವಾದ ಮಾಡಿ ಒಲ್ಲೆ ಎನ್ನುವ ಹುಡುಗ ಬರುವುದು 13ನೆಯ ಶತಮಾನದ ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣದಲ್ಲಿ. ಅಲ್ಲಿಂದ ಅವನು 1369ರಲ್ಲಿ ಭೀಮಕವಿಯ ಕನ್ನಡ ಬಸವಪುರಾಣಕ್ಕೆ ಬಂದ.

ಅಂದರೆ ನಮ್ಮ ಗುರುಗಳು ಎರಡೂ ಕಥೆಗಳನ್ನು ಸೇರಿಸಿಬಿಟ್ಟಿದ್ದರು. ಎಂಟು ವರ್ಷ ಪುರಾಣದ್ದು, ಹರಿಯುವುದು ಹರಿಹರನದು. ಮೊದಲಿಗೆ ನನಗೆ ಸಿಟ್ಟು ಬಂತು. ಇಷ್ಟು ದಿನ ನಂಬಿದ್ದು ಸುಳ್ಳೇ ಎನಿಸಿತು. ನಮ್ಮ ಕೆಲಸದ ಅಭ್ಯಾಸವೇ ಹಾಗೆ, ಒಂದೇ ಸಂಗತಿಗೆ ಎರಡು ಆವೃತ್ತಿ ಕಂಡರೆ ಯಾವುದೋ ಒಂದನ್ನು ಅಳಿಸಬೇಕು ಅನಿಸುತ್ತದೆ. ಆಮೇಲೆ ನಿಧಾನಕ್ಕೆ ಬೇರೊಂದು ವಿಚಾರ ಬಂತು. ಹದಿನಾರರ ತರುಣ ಮನೆ ಬಿಟ್ಟು ಹೋಗುವುದು ಲೋಕದಲ್ಲಿ ಆಗುವಂಥದ್ದೇ. ಆದರೆ ನಮ್ಮ ಜನ, ತಲೆಮಾರಿನಿಂದ ತಲೆಮಾರಿಗೆ, ಕಥೆಯನ್ನು ಮಕ್ಕಳಿಗೆ ಹೇಳುತ್ತ ಹೇಳುತ್ತ, ಆ ತರುಣನಿಗಿಂತ ಈ ಚಿಕ್ಕವನನ್ನೇ ಹೆಚ್ಚು ಮುದ್ದಿನಿಂದ ಉಳಿಸಿಕೊಂಡರು. ಅಕ್ಕನಿಗೇಕೆ ಇಲ್ಲ ಎಂಬ ಪ್ರಶ್ನೆಯನ್ನು ಅವನ ಬಾಯಿಗೆ ಕೊಟ್ಟರು. ಶಾಲೆಯ ನಾಟಕಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಈಗ ಅದೇ ಕಥೆಯ ಜೀವ. ದೊಡ್ಡವರ ಮಾತು ಮೀರಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವ ನಾವು, ಹಬ್ಬದ ದಿನ ಮಾತ್ರ ಅಪ್ಪನ ಮಾತು ಮೀರಿದ ಹುಡುಗನ ಕಥೆ ಹೇಳುತ್ತೇವೆ. ಮಕ್ಕಳಿಗೆ ಅಂಥವನೊಬ್ಬ ಬೇಕು ಎಂಬುದು ಹೇಳುವವರಿಗೆ ಒಳಗೊಳಗೇ ಗೊತ್ತಿರಬೇಕು.

ಎದುರು ಮಾತಾಡುವ ಮಕ್ಕಳ ಕಥೆ ನಮಗೆ ಹೊಸದಲ್ಲ. ಪ್ರಹ್ಲಾದ ಅಪ್ಪನಿಗೆ ಎದುರು ನಿಂತ, ನಚಿಕೇತ ಅಪ್ಪನನ್ನು ಪ್ರಶ್ನೆ ಕೇಳಿ ಯಮನ ಮನೆಯವರೆಗೂ ಹೋದ. ನನ್ನ ಮಗಳು ಈಗ ನಾಲ್ಕನೆಯ ತರಗತಿ. ಆಕೆಗೆ ಪಿಪ್ಪಿ ಎಂಬ ಹುಡುಗಿಯ ಹುಚ್ಚು. ಸ್ವೀಡನ್ ದೇಶದ ಆಸ್ಟ್ರಿಡ್ ಲಿಂಡ್‌ಗ್ರೆನ್ 1945ರಲ್ಲಿ ಬರೆದ ಪುಸ್ತಕ ಅದು. ಪಿಪ್ಪಿಗೆ ಒಂಬತ್ತು ವರ್ಷ. ಒಬ್ಬಳೇ ಇರುತ್ತಾಳೆ, ಕುದುರೆಯನ್ನು ಎತ್ತುತ್ತಾಳೆ, ಪೊಲೀಸರಿಗೂ ಮಾಸ್ತರರಿಗೂ ಹೆದರುವುದಿಲ್ಲ. ಓದಲು ಬಹಳ ಮಜಾ, ನಾನೂ ನಕ್ಕಿದ್ದೇನೆ. ಆದರೆ ಪಿಪ್ಪಿಯ ಹತ್ತಿರ ಒಂದು ಪೆಟ್ಟಿಗೆ ತುಂಬ ಬಂಗಾರದ ನಾಣ್ಯ ಇದೆ, ಬೇಡ ಎನ್ನಲು ಮನೆಯಲ್ಲಿ ಅಪ್ಪ ಅವ್ವ ಇಲ್ಲ. ಪ್ರಹ್ಲಾದನನ್ನು ಕಾಯಲು ಕಂಬದಿಂದಲೇ ದೇವರು ಬರುತ್ತಾನೆ, ಅವನ ಅಪ್ಪನಂತೂ ರಾಕ್ಷಸ, ಎದುರಾಡಿದರೆ ಯಾರೂ ಬಯ್ಯುವುದಿಲ್ಲ. ಬಸವನ ಪಾಡು ಹಾಗಲ್ಲ. ಮಾದರಸ ರಾಕ್ಷಸನಲ್ಲ. ಮಗನಿಗೆ ಒಳ್ಳೆಯದಾಗಲಿ ಎಂದು ಊರಿಗೆಲ್ಲ ಊಟ ಹಾಕಿಸುವ ತಂದೆ. ಒಳ್ಳೆಯ ತಂದೆಗೆ ಒಲ್ಲೆ ಎನ್ನುವುದು ಎಷ್ಟು ಕಷ್ಟ ಎಂಬುದು ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಗೊತ್ತು. ಅದೂ ತನಗೆ ಏನೋ ಸಿಗಲಿಲ್ಲ ಎಂದು ಹಟ ಮಾಡಿದ್ದಲ್ಲ. ಸಿಗುತ್ತಿರುವುದು ಅಕ್ಕನಿಗೆ ಸಿಗುತ್ತಿಲ್ಲ ಎಂದು ಹಟ ಮಾಡಿದ್ದು.

ಇಲ್ಲಿ ಒಂದು ತಕರಾರು ಹೇಳಿಬಿಡುತ್ತೇನೆ. ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಬಸವ ಹುಟ್ಟುತ್ತಲೇ ನಂದಿಯ ಅವತಾರ, ಮುಖದ ಸುತ್ತ ಬೆಳಕಿನ ಚಕ್ರ. ಭಕ್ತಿಯಿಂದ ಹಾಗೆ ಬರೆದದ್ದು, ತಪ್ಪೆನ್ನಲಾರೆ. ಆದರೆ ಎಲ್ಲ ಮೊದಲೇ ತಿಳಿದವನಿಗೆ ಅಂಜಿಕೆ ಎಲ್ಲಿಯದು? ಅಂಜಿಕೆ ಇಲ್ಲದವನ ಧೈರ್ಯದಿಂದ ಅಂಜುಬುರುಕ ಮಗು ಏನು ಕಲಿಯಬೇಕು? ನಾನು ವೇದಿಕೆಯ ಹಿಂದೆ ಧೋತರ ಉಟ್ಟು ನಿಂತಾಗ ಕಾಲು ನಡುಗುತ್ತಿದ್ದವು. ಆ ಬಸವನ ಕಾಲೂ ಅಂದು ನಡುಗಿರಬಹುದು ಎಂದು ಯಾರಾದರೂ ಬರೆದರೆ ಆ ಪುಸ್ತಕವನ್ನು ನನ್ನ ಮಗಳಿಗೆ ಕೊಡಿಸುತ್ತೇನೆ.

ಮನೆ ಬಿಟ್ಟ ಹುಡುಗ ಹೋದದ್ದು ಕೃಷ್ಣಾ ಮಲಪ್ರಭೆ ಕೂಡುವ ಕೂಡಲಸಂಗಮಕ್ಕೆ. ಸೋಮನಾಥನ ಕಥೆಯಲ್ಲಿ ಅಕ್ಕನೂ ಜೊತೆಗೆ ಹೋಗುತ್ತಾಳೆ. ಅಲ್ಲಿ ಈಶಾನ್ಯ ಗುರುಗಳ ಹತ್ತಿರ ಓದಾಯಿತು. ಸಂಗಮನಾಥನ ಗುಡಿಯಲ್ಲಿ ಹೂ ಪತ್ರಿ ತಂದು ಸೇವೆ ಮಾಡುತ್ತ ಬೆಳೆದರು. ಇನ್ನು ಮೇಲೆ ಅವರು ಎಂದೇ ಬರೆಯಬೇಕು, ಹುಡುಗತನ ಮುಗಿಯಿತು.

ಅಲ್ಲಿಂದ ಮಂಗಳವೇಢೆಗೆ. ಇಂದಿನ ದಾರಿಯಲ್ಲಿ ಹೋಗುವುದಾದರೆ ಬಾಗೇವಾಡಿ, ಇಂಡಿ, ಚಡಚಣ ದಾಟಿ ಹೋಗಬೇಕು, ಈಗ ಮಹಾರಾಷ್ಟ್ರದಲ್ಲಿದೆ. ಕಳಚುರಿ ಬಿಜ್ಜಳ ಆಗ ಕಲ್ಯಾಣದ ಚಾಲುಕ್ಯರ ಕೈಕೆಳಗೆ ಅಲ್ಲಿಂದ ಆಳುತ್ತಿದ್ದ. ಸೋದರಮಾವ ಬಲದೇವ ಅವನ ಮಂತ್ರಿ. ಬಸವಣ್ಣನವರು ಲೆಕ್ಕ ಬರೆಯುವ ಕರಣಿಕರಾಗಿ ಸೇರಿದರು. ಮಾವನ ಮಗಳು ಗಂಗಾಂಬಿಕೆಯೊಡನೆ ಮದುವೆಯಾಯಿತು, ನೀಲಾಂಬಿಕೆಯೂ ಅವರ ಮಡದಿ. ಬಿಜ್ಜಳ ಚಾಲುಕ್ಯರ ಸಿಂಹಾಸನ ಹಿಡಿದು ಕಲ್ಯಾಣಕ್ಕೆ ಹೋದಾಗ ಇವರೂ ಹೋದರು, ಭಂಡಾರಿಯಾದರು. ರಾಜ್ಯದ ಹಣವೆಲ್ಲ ಕೈಯಲ್ಲಿದ್ದರೂ ಲೆಕ್ಕದಲ್ಲಿ ಕೈ ಕೆಸರು ಮಾಡಿಕೊಳ್ಳದವರು ಎಂದೇ ಎಲ್ಲ ಕಥೆಗಳೂ ಹೇಳುತ್ತವೆ.

ಕಲ್ಯಾಣದಲ್ಲಿ ನಡೆದದ್ದು ನಿಮಗೆ ಪಾಠದಲ್ಲಿದೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಹಿರಿಯ ಪೀಠದಲ್ಲಿ ಕೂತರು. ಭಂಡಾರಿ ತಾವು ಕೂರಲಿಲ್ಲ. ಮಾದಾರ ಚೆನ್ನಯ್ಯನನ್ನು, ಡೋಹರ ಕಕ್ಕಯ್ಯನನ್ನು ತಮ್ಮ ಹಿರಿಯರು, ತಮ್ಮ ಬಂಧುಗಳು ಎಂದು ಬಾಯಿ ತುಂಬ ಕರೆದರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ತಮ್ಮ ತಮ್ಮ ಕಾಯಕದ ಮಾತಿನಲ್ಲೇ ವಚನ ಹೇಳಿದರು. ಅಕ್ಕಿ ಆಯುವ ಲಕ್ಕಮ್ಮ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನಿಗೆ ಬುದ್ಧಿ ಹೇಳಿ, ಹೆಚ್ಚಿನದನ್ನು ತಿರುಗಿ ಕೊಟ್ಟು ಬರಲು ಕಳಿಸಿದಳು. ನನಗೆ ಇದೆಲ್ಲ ಬಾಗೇವಾಡಿಯ ಮುಂಜಿಯ ಮನೆಯ ಪ್ರಶ್ನೆಯೇ ದೊಡ್ಡದಾಗಿ ಬೆಳೆದಂತೆ ಕಾಣುತ್ತದೆ. ಅಂದು ಒಬ್ಬ ಅಕ್ಕನ ಸಲುವಾಗಿ ಕೇಳಿದ್ದನ್ನು ಇಲ್ಲಿ ಎಲ್ಲರ ಸಲುವಾಗಿ ಕೇಳಿದರು.

ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಮದುವೆಯಾಯಿತು. ಕಲ್ಯಾಣ ಅದನ್ನು ಸಹಿಸಲಿಲ್ಲ. ಬಿಜ್ಜಳ ಇಬ್ಬರು ತಂದೆಯರಿಗೂ ಮರಣದಂಡನೆ ಕೊಟ್ಟ. ಶರಣರು ದಿಕ್ಕಾಪಾಲಾದರು, ಬಿಜ್ಜಳನೂ ಕೊಲೆಯಾದ. ಬಸವಣ್ಣನವರು ಸಂಗಮಕ್ಕೆ ಮರಳಿ ಅಲ್ಲಿಯೇ ಐಕ್ಯರಾದರು, 1167ರ ಸುಮಾರಿಗೆ ಎಂದು ಹೇಳುತ್ತಾರೆ. ನೀಲಾಂಬಿಕೆ ಐಕ್ಯಳಾದದ್ದು ನಮ್ಮ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ. ಅಕ್ಕನಾಗಮ್ಮ ಮಾತ್ರ ಮಗ ಚೆನ್ನಬಸವಣ್ಣನೊಡನೆ ಶರಣರ ಗುಂಪನ್ನೂ ವಚನದ ಕಟ್ಟುಗಳನ್ನೂ ಕಾಯುತ್ತ ಉಳವಿಯ ಕಡೆಗೆ ನಡೆದಳು ಎಂಬುದು ಪರಂಪರೆಯ ಮಾತು. ಮುಂದೆ ಎಷ್ಟೋ ಶತಮಾನ ಮನೆ ಮಠಗಳಲ್ಲಿ ಉಳಿದ ಆ ಓಲೆಗಳನ್ನು ಹುಡುಕಿ ಅಚ್ಚಿಗೆ ತಂದವರು ನಮ್ಮ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು. ಅವರ ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬಂತು. ಜನಿವಾರ ಸಿಗದ ಅಕ್ಕನೇ ಕೊನೆಗೆ ವಚನಗಳನ್ನು ಹೊತ್ತಳು ಎಂಬ ಈ ಭಾಗ ಯಾಕೋ ಮಕ್ಕಳ ಪುಸ್ತಕಗಳಲ್ಲಿ ಇರುವುದೇ ಇಲ್ಲ. ನಾಟಕದಲ್ಲಿ ನಾಗಮ್ಮ ಮೂಲೆಯಲ್ಲಿ ನಿಂತಿರುತ್ತಾಳೆ, ಒಂದೂ ಮಾತಿಲ್ಲ. ನಮ್ಮ ನಾಟಕದಲ್ಲೂ ಇರಲಿಲ್ಲ.

ನಾನು ಬಸವನ ಪಾತ್ರ ಮಾಡಿದ ವರ್ಷವೇ ನಮ್ಮ ಅಕ್ಕ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಪಿ.ಯು.ಸಿ. ಓದಲು ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗಬೇಕು. ಹೆಣ್ಣು ಹುಡುಗಿ, ದಿನಾ ಬಸ್ಸು, ಬೇಡ ಎಂದ ಅಪ್ಪ. ಅವ್ವ ಸುಮ್ಮನಿದ್ದಳು. ಅಕ್ಕ ಎರಡು ದಿನ ಊಟ ಮಾಡಲಿಲ್ಲ, ಮೂರನೆಯ ದಿನ ಮಾಡಿದಳು. ಅಂದು ನಾನು ಅದೇ ಪಡಸಾಲೆಯಲ್ಲಿ ಕೂತಿದ್ದೆ. ಅಕ್ಕನಿಗೇಕೆ ಇಲ್ಲ ಎಂಬ ಮಾತು ನನಗೆ ಬಾಯಿಪಾಠವಿತ್ತು. ಆಕೆಯೇ ಕಲಿಸಿದ್ದಳು. ಊರ ಮುಂದೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅಪ್ಪನ ಮುಂದೆ ನನ್ನ ಬಾಯಿ ಬರಲಿಲ್ಲ. ಎರಡು ವರ್ಷದ ನಂತರ ನಾನು ಅದೇ ಬಸ್ಸು ಹತ್ತಿ ಪಿ.ಯು.ಸಿ.ಗೆ ಹೋದೆ, ಆಮೇಲೆ ಬಿ.ಇ.ಗೆ. ಫೀಸಿನ ಒಂದಿಷ್ಟು ಹಣ ಅಕ್ಕ ಹೊಲಿಗೆ ಮಷೀನು ತುಳಿದು ಗಳಿಸಿದ್ದು. ಮದುವೆಯಾಗಿ ಇಂಡಿ ತಾಲ್ಲೂಕಿನ ಹಳ್ಳಿಗೆ ಹೋದ ಮೇಲೂ ಕಳಿಸಿದ್ದಳು.

ಅಪ್ಪ ಕೆಟ್ಟವನಾಗಿರಲಿಲ್ಲ. ಮಾದರಸನ ಬಗ್ಗೆ ಮೇಲೆ ಬರೆದದ್ದು ಅವನನ್ನು ನೋಡಿಯೇ ಬರೆದದ್ದು.

ಈ ಸಲ ದೀಪಾವಳಿಗೆ ಹೆಂಡತಿ ಮಗಳನ್ನು ಕರೆದುಕೊಂಡು ಅಕ್ಕನ ಊರಿಗೆ ಹೋಗಿದ್ದೆವು. ದಾರಿಯಲ್ಲಿ ಕೂಡಲಸಂಗಮಕ್ಕೂ ಹೋದೆವು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಬಾರದೆಂದು ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ, ಮೆಟ್ಟಿಲು ಇಳಿದು ಹೋಗಬೇಕು. ಮಗಳು ಮೆಟ್ಟಿಲು ಇಳಿಯುತ್ತ ಕಥೆ ಕೇಳಿದಳು, ಹೇಳಿದೆ. ಆಮೇಲೆ ಏನಾಯಿತು ಎಂದು ಬಸವನ ಬಗ್ಗೆ ಕೇಳುತ್ತಾಳೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು, ಆಮೇಲೆ ಅಕ್ಕನಿಗೆ ಸಿಕ್ಕಿತೇ ಎಂದು. ನಾನು ಉಳವಿಯ ಕಥೆ ಹೇಳಿದೆ. ಆಕೆಗೆ ಅದು ಉತ್ತರ ಅನಿಸಿದಂತೆ ಕಾಣಲಿಲ್ಲ.

ರಾತ್ರಿ ಅಕ್ಕನ ಮನೆಯಲ್ಲಿ ಊಟವಾದ ಮೇಲೆ ಇದನ್ನು ಬರೆಯುತ್ತಿರುವ ಸಂಗತಿ ಹೇಳಿದೆ, ಅಂದು ಅಪ್ಪನ ಮುಂದೆ ಮಾತಾಡದ ಸಂಗತಿಯನ್ನೂ ಬರೆಯಲೇ ಎಂದು ಕೇಳಿದೆ. ಆಕೆ ಹೊಲಿಯುತ್ತಿದ್ದ ಲಂಗದಿಂದ ಕಣ್ಣೆತ್ತದೆ ಬರಿ ಎಂದಳು. ಅವಳ ಮಗಳು ಈಗ ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಾಳೆ. ಅದಕ್ಕೆ ಮನೆಯಲ್ಲಿ ಎಷ್ಟು ಜಗಳವಾಯಿತು ಎಂಬುದನ್ನು ಅಕ್ಕ ಹೇಳಲಿಲ್ಲ, ಭಾವನವರು ನಗುತ್ತ ಹೇಳಿದರು. ಕೊನೆಗೆ ನಾನು, ಇಷ್ಟು ವರ್ಷದ ಮೇಲೆ, ಆ ಜನಿವಾರ ಯಾಕೆ ಹರಿಯಲಿಲ್ಲ ಎಂದು ಕೇಳಿದೆ. ತಾಲೀಮಿನಲ್ಲೇ ನೀನು ಹರಿದು ಕೂಡುತ್ತೀ ಎಂದು ಚೀಲ ಹೊಲಿಯುವ ದಾರ ಹೊಸೆದು ಮಾಡಿದ್ದೆ, ಗ್ಯಾದರಿಂಗ್ ದಿನ ಬೇರೆ ಮಾಡಿ ಕೊಡಬೇಕೆಂದಿದ್ದೆ, ಅಂದು ಮನೆಯ ಕೆಲಸದಲ್ಲಿ ಮರೆತೆ ಎಂದಳು.